ಉಗ್ರಾಣಿಯ ಕೈಗುಣ

ವಿದ್ಯುತ್ತಿಗೂ ತನಗೂ ಯಾವ ಸಂಬಂಧವೂ ಬೇಡವೆಂದು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದ ಮನುಷ್ಯನೊಬ್ಬ ಇಡೀ ಬೀದಿಗೆ ಮಷೀನ್ ಡಾಕ್ಟರ್ ಆದದ್ದು ಸ್ನಾನ ಮಾಡಿದ್ದರಿಂದ. ಹೇಳಿದರೆ ಯಾರೂ ನಂಬುವುದಿಲ್ಲ. ಆದರೂ ನಡೆದದ್ದು ಹಾಗೆಯೇ.

ಆತ ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದ. ತಕ್ಕಡಿ ತಯಾರಿಸುವವನಾಗಿ ಅಲ್ಲ. ಬಿಡಿಭಾಗಗಳನ್ನು ಡಬ್ಬಿಗಳಲ್ಲಿ ತುಂಬಿ, ಡಬ್ಬಿಗಳನ್ನು ಕಪಾಟಿನಲ್ಲಿಟ್ಟು, ಕಪಾಟಿಗೆ ಬೀಗ ಜಡಿದು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಾದರೂ ಒಂದು ಸ್ಕ್ರೂ ಕೇಳಿಕೊಂಡು ಬಂದರೆ ತನ್ನ ಆಸ್ತಿಯಲ್ಲಿ ಪಾಲು ಕೇಳಲು ಬಂದ ದಾಯಾದಿಯನ್ನು ನೋಡುವ ಹಾಗೆ ನೋಡುವುದು ಅವನ ಕೆಲಸ. ಅದಕ್ಕೇ ಕಾರ್ಖಾನೆಯಲ್ಲೂ ಬೀದಿಯಲ್ಲೂ ಅವನಿಗೆ ಉಗ್ರಾಣಿ ಎಂದೇ ಹೆಸರು. ಬೀದಿಯವರು "ಕಂಪನಿಯಲ್ಲಿ ನಿಮ್ಮದೇನು ಕೆಲಸ?" ಎಂದು ಕೇಳಿದರೆ, "ಒಂದು ಚಿಪ್ ಹೊರಗೆ ಬರಬೇಕಾದರೂ ನನ್ನ ಕೈಯಿಂದಲೇ ಬರಬೇಕು" ಎನ್ನುತ್ತಿದ್ದ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಕೇಳಿದವರು ಅವನನ್ನು ಇಂಜಿನಿಯರ್ ಎಂದುಕೊಂಡರೆ ಅದು ಅವರ ತಪ್ಪು.

ಈ ಕಥೆ ಶುರುವಾದಾಗ ಉಗ್ರಾಣಿಯ ಕೆಲಸ ದಾರದ ಮೇಲೆ ನಿಂತಿತ್ತು. ಯಜಮಾನರು ಉಗ್ರಾಣಕ್ಕೆ ಹೊಸ ಕಂಪ್ಯೂಟರ್ ತರಿಸಿದ್ದರು. ಯಾವ ಡಬ್ಬಿಯಲ್ಲಿ ಏನಿದೆ, ಎಷ್ಟಿದೆ ಎಂದು ಅದು ತಾನೇ ಹೇಳುತ್ತಿತ್ತು, ಮುಖ ಗಂಟಿಕ್ಕುತ್ತಿರಲಿಲ್ಲ. "ತಿಂಗಳ ಕೊನೆವರೆಗೂ ಇರಿ. ಆಮೇಲೆ ನೋಡೋಣ" ಎಂದಿದ್ದರು ಯಜಮಾನರು. 'ಆಮೇಲೆ ನೋಡೋಣ' ಎಂದರೆ ಆಮೇಲೆ ಮುಖ ನೋಡುವುದಿಲ್ಲ ಎಂದು ಅರ್ಥ ಮಾಡಿಕೊಳ್ಳುವಷ್ಟು ವಯಸ್ಸು ಉಗ್ರಾಣಿಗೆ ಆಗಿತ್ತು. ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಅವಳಿಗೆ ಆಗಲೇ ಗೊತ್ತಾಗಿತ್ತು. ಅವಳೂ ಹೇಳಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಕರೆಂಟ್ ಹೋಯಿತು. ಹೋಯಿತು ಎನ್ನುವಷ್ಟರಲ್ಲಿ ಬಂತು. ಎದುರಿನ ದಿನಸಿ ಅಂಗಡಿಯ ತಕ್ಕಡಿ ಮಾತ್ರ ಬರಲಿಲ್ಲ. ಅದು ಉಗ್ರಾಣಿಯ ಕಂಪನಿಯದೇ, ಅವನೇ ಶಿಫಾರಸು ಮಾಡಿ ಕೊಡಿಸಿದ್ದು. ಅಂಗಡಿಯವನು ಸ್ವಿಚ್ಚನ್ನು ಹಾಕಿ ತೆಗೆದ, ತೆಗೆದು ಹಾಕಿದ, ತಕ್ಕಡಿಯ ಬೆನ್ನಿಗೆ ಎರಡು ತಟ್ಟಿದ, ಕೊನೆಗೆ ರಸ್ತೆಗೆ ಬಂದು ಕೂಗಿದ.

"ಏನ್ರೀ ಇಂಜಿನಿಯರೇ! ನಿಮ್ಮ ತಕ್ಕಡಿ ಬಾಯಿ ಮುಚ್ಕೊಂಡು ಕೂತಿದೆ. ಗಿರಾಕಿ ನಿಂತಿದಾರೆ, ಬನ್ನಿ!"

ಉಗ್ರಾಣಿ ಕಿಟಕಿಯಿಂದ ಇಣುಕಿದ. ವಿದ್ಯುತ್ತಿನ ವಸ್ತುವನ್ನು ಅವನು ಮುಟ್ಟಿದವನೇ ಅಲ್ಲ. ಮನೆಯಲ್ಲಿ ಬಲ್ಬು ಬದಲಿಸುವುದು ಹೆಂಡತಿಯೇ. ಆದರೂ ಬೀದಿ ನೋಡುತ್ತಿತ್ತು.

"ಮೊದಲು ಪ್ಲಗ್ ಕಿತ್ತು ಪಕ್ಕಕ್ಕಿಡಿ! ಯಾರೂ ಮುಟ್ಟಬೇಡಿ! ನಾನು ಬಂದೆ!" ಎಂದು ಕೂಗಿ ನೇರ ಬಚ್ಚಲಿಗೆ ಹೋದ. ತಡ ಮಾಡಿದರೆ ಅಷ್ಟರೊಳಗೆ ಬೇರೆ ಯಾರಾದರೂ ಸರಿಮಾಡಿಯಾರೆಂಬುದು ಅವನ ದೂರಾಲೋಚನೆ. ನಿಧಾನವಾಗಿ ಸ್ನಾನ ಮಾಡಿದ. ಇಸ್ತ್ರಿ ಮಾಡಿದ ಅಂಗಿ ಹುಡುಕಿದ. ಸಿಕ್ಕಿದ ಮೇಲೆ ಅದರ ಗುಂಡಿ ಹುಡುಕಿದ.

ಅಂಗಡಿಗೆ ಹೋದಾಗ ಗಿರಾಕಿಗಳು ಹಾಗೇ ನಿಂತಿದ್ದರು. ಉಗ್ರಾಣಿ ತಕ್ಕಡಿಯ ಸುತ್ತ ಒಂದು ಸುತ್ತು ಬಂದ, ಕತ್ತು ಓರೆ ಮಾಡಿದ, "ಹೂಂ" ಎಂದ. ಪ್ಲಗ್ ಕಿತ್ತಿದೆಯೆಂದು ಎರಡು ಸಲ ಖಚಿತ ಮಾಡಿಕೊಂಡು ತಕ್ಕಡಿಯ ನೆತ್ತಿಯ ಮೇಲೆ ಅಂಗೈ ಇಟ್ಟ. ಆಮೇಲೆ ಕೈ ತೆಗೆದು, ಮೂರು ಹೆಜ್ಜೆ ಹಿಂದೆ ಸರಿದು, "ಈಗ ನೀವು ಪ್ಲಗ್ ಹಾಕಿ" ಎಂದ.

ತಕ್ಕಡಿ ಕೆಂಪಗೆ ಸೊನ್ನೆ ತೋರಿಸಿತು.

ಅಂಗಡಿಯವನ ಬಾಯಿ ತೆರೆದೇ ಇತ್ತು. "ಕೈ ಇಟ್ರಿ ಅಷ್ಟೇ! ಸ್ಕ್ರೂಡ್ರೈವರ್ ಇಲ್ಲ, ಏನಿಲ್ಲ! ಇದಕ್ಕೇ ನೋಡಿ ಕೈಗುಣ ಅನ್ನೋದು!"

ಎಲ್ಲರಿಗಿಂತ ಹೆಚ್ಚು ಬೆರಗಾದವನು ಉಗ್ರಾಣಿ. ಆದರೆ ಅದನ್ನು ತೋರಿಸಿಕೊಳ್ಳಲಿಲ್ಲ. "ಅನುಭವ" ಎಂದಷ್ಟೇ ಹೇಳಿ, ನಡೆಯುವಾಗ ಆ ಕೈಯನ್ನು ಮಾತ್ರ ಬೀಸದೆ ಜೋಪಾನವಾಗಿ ಮನೆಗೆ ತಂದ.

ಆ ಬೀದಿಯಲ್ಲಿ ಕರೆಂಟ್ ಹೀಗೆ ಕಣ್ಣು ಮಿಟುಕಿಸುವುದು ವಾರಕ್ಕೆರಡು ಸಲವಾದರೂ ಇದ್ದೇ ಇತ್ತು. ಪ್ರತಿ ಸಲವೂ ತಕ್ಕಡಿ ಮೂರ್ಛೆ ಹೋಗುವುದು, ಅಂಗಡಿಯವನು ಕೂಗುವುದು, ಉಗ್ರಾಣಿ "ಪ್ಲಗ್ ಕೀಳಿ, ಬಂದೆ" ಎನ್ನುವುದು, ಬಾರದೆ ಇರುವುದು, ಕೊನೆಗೆ ಬಂದು ಅಂಗೈ ಇಡುವುದು, ಸೊನ್ನೆ ಮೂಡುವುದು. ಒಮ್ಮೆಯೂ ತಪ್ಪಲಿಲ್ಲ. ತಪ್ಪದೇ ಹೋದಾಗ ಎಂಥ ವಿನಯವಂತನಿಗೂ ತನ್ನ ಕೈಯ ಮೇಲೆ ಗೌರವ ಹುಟ್ಟುತ್ತದೆ. ಉಗ್ರಾಣಿ ಬಲಗೈಯಲ್ಲಿ ಚೀಲ ಹಿಡಿಯುವುದನ್ನು ಬಿಟ್ಟ.

"ರೀ, ಹಿಟ್ಟಿನ ಡಬ್ಬ ಇಳಿಸ್ಕೊಡಿ" ಎಂದಳು ಹೆಂಡತಿ.

"ಈ ಕೈಯಲ್ಲಿ ಭಾರ ಎತ್ತಬಾರದೇನೋ ಕಣೇ."

"ಓಹೋ. ಹಾಗಾದ್ರೆ ಆ ಕೈಗೆ ಊಟಾನೂ ಬೇಡ್ವೋ ಏನೋ."

ಡಬ್ಬ ಇಳಿಯಿತು.

ಆದರೆ ಬೀದಿ ಹೆಂಡತಿಯಂತಲ್ಲ, ನಂಬಿಬಿಟ್ಟಿತ್ತು. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ತರು ತಮ್ಮ ಫ್ಯಾನಿಗೆ ಕೈ ಇಡಿಸಲು ಕರೆದುಕೊಂಡು ಹೋದರು. ಉಗ್ರಾಣಿ ಸ್ಟೂಲು ಹತ್ತಿ ರೆಕ್ಕೆ ಸವರಿದ. ಫ್ಯಾನು ತಿರುಗಲಿಲ್ಲ. ಉಗ್ರಾಣಿ ಇನ್ನೊಂದು ರೆಕ್ಕೆಯನ್ನೂ ಸವರಿದ.

ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಇಳೀರಿ, ಇಳೀರಿ. ಆಯಸ್ಸು ಮುಗಿದಿದ್ರೆ ಯಾವ ಡಾಕ್ಟರ್ ಬಂದು ಏನು ಮಾಡ್ತಾನೆ? ಪಾಪ, ನಿಮ್ಮ ಕೈ ಮುಟ್ಟಿಸ್ಕೊಂಡು ಹೋಯ್ತಲ್ಲ, ಅಷ್ಟು ಸಾಕು ಅದಕ್ಕೆ."

ಹೀಗೆ, ಸರಿಹೋದದ್ದು ಕೈಗುಣಕ್ಕೆ, ಸರಿಹೋಗದ್ದು ಯಂತ್ರದ ಹಣೆಬರಹಕ್ಕೆ ಎಂದು ಬೀದಿಯೇ ಹಂಚಿಕೊಟ್ಟಿತು. ಇಂಥ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ದೊಡ್ಡ ಮನುಷ್ಯರಾಗಬಹುದು. ಆಗಿದ್ದಾರೆ ಕೂಡ.

*

ಅದೇ ಹೊತ್ತಿಗೆ ಕಾರ್ಖಾನೆಯಲ್ಲಿ ಬೇರೊಂದು ಗೋಳು. ಊರಿನ ಎಲ್ಲ ಕಡೆಯಿಂದ ತಕ್ಕಡಿಗಳು ಸತ್ತು ವಾಪಸ್ ಬರುತ್ತಿದ್ದವು. ಕಾರ್ಖಾನೆಯ ಮೇಜಿನ ಮೇಲಿಟ್ಟು ಪ್ಲಗ್ ಹಾಕಿದರೆ ನಗುನಗುತ್ತ ಸೊನ್ನೆ ತೋರಿಸುತ್ತಿದ್ದವು. ಆಸ್ಪತ್ರೆಯ ಬಾಗಿಲಿಗೆ ಬರುತ್ತಲೇ ಜ್ವರ ಇಳಿಯುವ ಸೋಮಾರಿ ಮಕ್ಕಳ ಹಾಗೆ. ಅವನ್ನು ವಾಪಸ್ ಕಳಿಸಿದರೆ ಅಲ್ಲಿ ಮತ್ತೆ ಸಾವು.

ಇದರ ಉಸ್ತುವಾರಿ ಹೊತ್ತಿದ್ದವಳು ಹೊಸದಾಗಿ ಸೇರಿದ್ದ ಇಂಜಿನಿಯರ್ ಹುಡುಗಿ. ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಆಮೇಲೆ ಇಡೀ ಮೇಜಿನ ಮೇಲೆ ಪೆನ್ಸಿಲ್ ಹುಡುಕುವವಳು. ತಕ್ಕಡಿಗಳನ್ನು ಬಿಸಿಲಲ್ಲಿಟ್ಟಳು, ಅಲುಗಾಡಿಸಿದಳು, ಇಡೀ ದಿನ ಭಾರ ಹೇರಿ ಬಿಟ್ಟಳು. ಒಂದೂ ಸಾಯಲಿಲ್ಲ. ಕಾರ್ಖಾನೆಗೆ ದೊಡ್ಡ ಬ್ಯಾಟರಿಯ ವ್ಯವಸ್ಥೆ ಇದ್ದದ್ದರಿಂದ ಅಲ್ಲಿ ಕರೆಂಟ್ ಕಣ್ಣು ಮಿಟುಕಿಸುವುದೆಂದರೇನೆಂದು ಯಾರಿಗೂ ಗೊತ್ತಿರಲಿಲ್ಲ.

ಕೊನೆಗೆ ಬೇಕರಿಯಿಂದ ಫೋನ್ ಬಂತು. ಊರಿನ ಅತಿ ದೊಡ್ಡ ಬೇಕರಿ, ಕಂಪನಿಯ ಅತಿ ದೊಡ್ಡ ಗಿರಾಕಿ. ಒಡತಿ ಫೋನಿನಲ್ಲಿ ಮಾತಾಡಿದರೆ ಫೋನೇ ಬೇಕಾಗಿರಲಿಲ್ಲ, ಅಷ್ಟು ಗಟ್ಟಿ ಗಂಟಲು.

"ನಾಳೆ ಬಂದು ಸರಿ ಮಾಡ್ತೀರೋ, ಇಲ್ಲ ಎಲ್ಲಾ ತಕ್ಕಡೀನೂ ಲಾರಿಗೆ ಹಾಕಿ ನಿಮ್ಮ ಗೇಟ್ ಮುಂದೆ ಸುರೀಲೋ?"

ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತಾಗ, ಬಿಲ್ಲಿನ ಬಾಬತ್ತಿಗೆಂದು ಬಂದಿದ್ದ ದಿನಸಿ ಅಂಗಡಿಯವನು ಎದುರಿಗಿದ್ದ. "ಅಲ್ಲಾ ಸಾರ್, ಬೆಣ್ಣೆ ಕೈಯಲ್ಲಿಟ್ಕೊಂಡು ತುಪ್ಪಕ್ಕೆ ಅಲೀತೀರಲ್ಲ? ನಿಮ್ಮ ದೊಡ್ಡ ಇಂಜಿನಿಯರನ್ನ ಕಳಿಸಿ."

"ದೊಡ್ಡ ಇಂಜಿನಿಯರಾ? ನಮ್ಮಲ್ಲಿ ಇರೋಳು ಇವಳೊಬ್ಬಳೇ."

"ಅದೇ ಸಾರ್, ಸೊಂಟದಲ್ಲಿ ಬೀಗದ ಕೈ ಇಟ್ಕೊಂಡಿರ್ತಾರಲ್ಲ."

ಉಗ್ರಾಣಿಯನ್ನು ಕರೆಸಿದರು. ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ಯಜಮಾನರ ಮುಂದೆ ನಿಂತಿದ್ದದ್ದು ಹೊಟ್ಟೆ ಬಂದ ಹುಲ್ಲುಕಡ್ಡಿ.

"ಏನ್ರೀ ಇದು? ನಿಜಾನಾ?"

"ಏನೋ ಸಾರ್... ಇಟ್ರೆ ಆಗುತ್ತೆ."

"ಇಡಿ. ಬೇಕರಿ ಉಳಿದ್ರೆ ಸರ್ವಿಸ್ ವಿಭಾಗ ನಿಮಗೆ, ಕಾಯಂ. ಇಲ್ದಿದ್ರೆ ತಿಂಗಳ ಕೊನೆ ಮಾತು ನೆನಪಿದೆಯಲ್ಲ?"

ಇಂಜಿನಿಯರ್ ಹುಡುಗಿ ತನ್ನ ಮೀಟರನ್ನು ಚೀಲಕ್ಕೆ ಹಾಕಿಕೊಂಡು, "ನಾನೂ ಬರ್ತೀನಿ. ಕೈ ಇಡೋದನ್ನ ಅಳೆಯೋದು ಹೇಗೆ ಅಂತ ಕಲೀಬೇಕು" ಎಂದಳು.

*

ಬೇಕರಿಗೆ ಯಜಮಾನರ ಕಾರಿನಲ್ಲೇ ಹೋದದ್ದು. ಸ್ನಾನ, ಇಸ್ತ್ರಿ, ಗುಂಡಿ ಯಾವುದಕ್ಕೂ ಪುರುಸೊತ್ತಿರಲಿಲ್ಲ. ಇವರು ಒಳಗೆ ಕಾಲಿಡುವುದಕ್ಕೂ, ಒಲೆಯವನು ಹಿಟ್ಟು ನಾದುವ ದೊಡ್ಡ ಯಂತ್ರದ ಸ್ವಿಚ್ ಒತ್ತುವುದಕ್ಕೂ, ದೀಪಗಳೆಲ್ಲ ಒಮ್ಮೆ ಮಂಕಾಗಿ ಮತ್ತೆ ಉರಿಯುವುದಕ್ಕೂ ಸರಿಹೋಯಿತು. ಕೌಂಟರಿನ ಮೇಲಿದ್ದ ತಕ್ಕಡಿ ಅವರ ಕಣ್ಣೆದುರೇ ಕಣ್ಣು ಮುಚ್ಚಿತು.

"ನೋಡಿ! ಮನೆಗೆ ನೆಂಟರು ಬಂದಾಗಲೇ ಹೀಗೆ ಬೀಳುತ್ತೆ ದರಿದ್ರದ್ದು!" ಎಂದು ಒಡತಿ ಸ್ವಿಚ್ಚನ್ನು ಪಟಪಟನೆ ಹಾಕಿ ತೆಗೆದಳು.

"ಹಿಂದೆ ಸರೀರಿ" ಎಂದ ಉಗ್ರಾಣಿ. ತೋಳು ಮಡಚಿ, ಕಣ್ಣು ಅರೆಮುಚ್ಚಿ, ಅಂಗೈ ಇಟ್ಟ. ಒಡತಿ ಸ್ವಿಚ್ ಹಾಕಿದಳು.

ಏನೂ ಇಲ್ಲ.

"ಇನ್ನೊಂದು ಸಲ" ಎಂದರು ಯಜಮಾನರು. ಇಟ್ಟ. ಇಲ್ಲ.

"ಗಡಿಯಾರ ಬಿಚ್ಚಿ ನೋಡಿ, ಅಡ್ಡ ಬರ್ತಿರಬಹುದು" ಎಂದ ಒಲೆಯವನು. ಬಿಚ್ಚಿದ. ಇಲ್ಲ.

"ಎರಡೂ ಕೈ ಇಡಿ" ಎಂದಳು ಬನ್ನು ಕೊಳ್ಳಲು ಬಂದ ಹೆಂಗಸು. ಇಟ್ಟ. ಇಲ್ಲ. ಪ್ರತಿ ಪ್ರಯತ್ನಕ್ಕೂ ಒಡತಿ ಸ್ವಿಚ್ ತೆಗೆದು ಹಾಕುತ್ತಲೇ ಇದ್ದಳು. ತಕ್ಕಡಿಯ ಹಿಂಬದಿಯ ಮುಚ್ಚಳ ತೆಗೆದು ನೋಡುತ್ತಿದ್ದ ಇಂಜಿನಿಯರ್ ಹುಡುಗಿ ಒಳಗೆ ಬೆರಳಿಟ್ಟವಳು "ಹಾ!" ಎಂದು ಚೀರಿ ಬೆರಳನ್ನು ಬಾಯಿಗಿಟ್ಟುಕೊಂಡಳು.

"ಶಾಕ್ ಹೊಡೀತಾ?" ಉಗ್ರಾಣಿ ಆಗಲೇ ಬಾಗಿಲ ಹತ್ತಿರವಿದ್ದ.

"ಇಲ್ಲ. ಸುಡ್ತಿದೆ. ಇಷ್ಟು ಪುಟ್ಟ ಚಿಪ್ ಇಷ್ಟು ಯಾಕೆ ಸುಡಬೇಕು?"

ಯಜಮಾನರು ಉಗ್ರಾಣಿಯ ಮುಖವನ್ನೇ ನೋಡುತ್ತಿದ್ದರು. ಅದು ಕ್ಯಾಲೆಂಡರಿನ ಕೊನೆಯ ಹಾಳೆ ನೋಡುವ ನೋಟ. ಉಗ್ರಾಣಿಗೆ ಒಂದೇ ಒಂದು ಉಪಾಯ ಹೊಳೆಯಿತು. ಪ್ಲಗ್ ಹಾಕಿದರೆ ತಾನೇ ತಕ್ಕಡಿ ಸತ್ತದ್ದು ಗೊತ್ತಾಗುವುದು? ಹಾಕದಿದ್ದರೆ ತಾನಿನ್ನೂ ಸೋತಿಲ್ಲ. ಜನ್ಮದಲ್ಲಿ ಮೊದಲ ಸಲ ಧೈರ್ಯ ಮಾಡಿ ಗೋಡೆಯಿಂದ ಪ್ಲಗ್ ಕಿತ್ತ. ಕಿತ್ತವನು ಅದನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಮೈದಾಹಿಟ್ಟಿನ ಮೂಟೆಯ ಮೇಲೆ ಕೂತುಬಿಟ್ಟ.

"ಕೊಡ್ರೀ ಇಲ್ಲಿ" ಎಂದಳು ಒಡತಿ.

"ಕೊಡಲ್ಲ."

"ಏನು ಕೊಡಲ್ಲ? ನನ್ನ ಪ್ಲಗ್ಗು!"

"ಆಗುತ್ತೆ ತಾಯಿ, ಆಗುತ್ತೆ. ಅವಸರ ಮಾಡಿದ್ರೆ ಕೆಡುತ್ತೆ. ನೀವು ಬನ್ನಿ, ಕೂತ್ಕೊಳ್ಳಿ. ಇಷ್ಟು ದೊಡ್ಡ ಬೇಕರಿ ಒಬ್ಬರೇ ನೋಡ್ಕೊತೀರಾ? ಮಕ್ಕಳೆಷ್ಟು?"

ಒಡತಿಗೆ ಬೈಯಬೇಕೆಂದಿತ್ತು. ಆದರೆ ಆ ಪ್ರಶ್ನೆಯನ್ನು ಅವಳಿಗೆ ಯಾರೂ ಎಷ್ಟೋ ಕಾಲದಿಂದ ಕೇಳಿರಲಿಲ್ಲ. "ಎಷ್ಟು ಇದ್ರೇನು? ಒಬ್ಬ ಮಗ. ಅವನಿಗೆ ಹಿಟ್ಟಿನ ವಾಸನೆ ಆಗಲ್ವಂತೆ. ಹಿಟ್ಟಿನಿಂದಲೇ ಬೆಳೆದ ದೇಹ!" ಎಂದು ಎದುರಿನ ಮೂಟೆಯ ಮೇಲೆ ಕೂತಳು. ಮಗನಿಂದ ಸೊಸೆಗೆ, ಸೊಸೆಯಿಂದ ಅವಳ ತಮ್ಮನಿಗೆ, ತಮ್ಮನಿಂದ ಅವನು ಕೊಂಡ ಮೋಟಾರ್ ಸೈಕಲ್ಲಿಗೆ ಮಾತು ಹೋಯಿತು. ಉಗ್ರಾಣಿ ಪ್ರತಿ ವಾಕ್ಯಕ್ಕೂ "ಛೆ ಛೆ" ಎಂದ, "ಅಯ್ಯೋ" ಎಂದ, "ಆಮೇಲೆ?" ಎಂದ. ಭಯದಲ್ಲಿರುವವನಷ್ಟು ಒಳ್ಳೆಯ ಕೇಳುಗ ಬೇರೆ ಇಲ್ಲ. ಯಜಮಾನರು ಎರಡು ಸಲ ಕೆಮ್ಮಿದರು. ಯಾರೂ ಲೆಕ್ಕಿಸಲಿಲ್ಲ.

ಒಲೆಯವನಿಗೆ ತಾಳ್ಮೆ ಕೆಟ್ಟಿತು. ಸೊಸೆಯ ತಮ್ಮ ಬಿದ್ದು ಕಾಲು ಮುರಿದುಕೊಳ್ಳುವ ಹೊತ್ತಿಗೆ ಉಗ್ರಾಣಿಯ ಕೈಯಿಂದ ಪ್ಲಗ್ಗನ್ನು ಕಸಿದು ಗೋಡೆಗೆ ಚುಚ್ಚಿದ.

ಸೊನ್ನೆ. ಕೆಂಪಗೆ, ದುಂಡಗೆ.

"ನೋಡಿ! ಮೊದಲು ಕೈ, ಆಮೇಲೆ ಜಪ!" ಎಂದು ಕೂಗಿದ ಒಲೆಯವನು. "ಪ್ಲಗ್ಗನ್ನ ಎದೆಗೆ ಒತ್ಕೊಂಡು ಒಳಗೊಳಗೇ ಏನೋ ಹೇಳ್ಕೋತಿದ್ರು, ನಾನು ಕಂಡೆ!"

ಒಡತಿ ಉಗ್ರಾಣಿಯ ಬೆನ್ನು ತಟ್ಟಿದಳು. ಹಿಟ್ಟಿನ ಹಸ್ತ ಅಂಗಿಯ ಮೇಲೆ ಅಚ್ಚಾಯಿತು. ಯಜಮಾನರು ನಗಲೋ ಅಳಲೋ ತಿಳಿಯದೆ ಒಂದು ಕೇಕು ಕೊಂಡರು. ಇಂಜಿನಿಯರ್ ಹುಡುಗಿ ಮಾತ್ರ ಬೆರಳು ಚೀಪುತ್ತ ಒಮ್ಮೆ ನಾದುವ ಯಂತ್ರವನ್ನು, ಒಮ್ಮೆ ದೀಪವನ್ನು, ಒಮ್ಮೆ ಉಗ್ರಾಣಿಯನ್ನು ನೋಡಿದಳು.

*

ಮರುದಿನ ಅವಳು ಉಗ್ರಾಣದ ಕಿಟಕಿಯಲ್ಲಿ ತಲೆ ತೂರಿಸಿದಳು.

"ಅಂಕಲ್, ನಿಮ್ಮ ಎದುರು ಅಂಗಡಿ ತಕ್ಕಡಿ ಕೆಟ್ಟಾಗ ಏನೇನು ಮಾಡ್ತಿದ್ರಿ? ಒಂದೂ ಬಿಡದೆ ಹೇಳಿ."

"ಪ್ಲಗ್ ಕೀಳಿಸ್ತಿದ್ದೆ."

"ಆಮೇಲೆ?"

"ಸ್ನಾನ."

"ತಕ್ಕಡಿಗಾ?"

"ನನಗಮ್ಮಾ! ಆಮೇಲೆ ಅಂಗಿ ಹುಡುಕೋದು. ಆಮೇಲೆ ಹೋಗಿ ಕೈ ಇಡೋದು."

ಅವಳು ಕಿಟಕಿಯ ಕಟ್ಟೆಗೆ ಹಣೆ ಒರಗಿಸಿ ನಕ್ಕಳು. ಎಷ್ಟು ನಕ್ಕಳೆಂದರೆ ಕೂದಲಿನಿಂದ ಪೆನ್ಸಿಲ್ ಉದುರಿತು. ಆಮೇಲೆ ಹೇಳಿದಳು.

"ತಕ್ಕಡಿ ಒಳಗೆ ಎಂಟು ಕಾಲಿನ ಒಂದು ಚಿಪ್ ಇದೆ. ಪ್ಲಸ್ ವೋಲ್ಟೇಜ್ ತಗೊಂಡು ಮೈನಸ್ ಮಾಡಿ ಕೊಡೋದು ಅದರ ಕೆಲಸ. ಕರೆಂಟ್ ಹೋಗಿ ನಿಧಾನಕ್ಕೆ ಬಂದ್ರೆ ಅದಕ್ಕೇನೂ ಆಗಲ್ಲ. ರೆಪ್ಪೆ ಮಿಟುಕಿಸಿದ ಹಾಗೆ ಹೋಗಿ ಬಂದ್ರೆ, ಪಕ್ಕದ ಕೆಪಾಸಿಟರಲ್ಲಿ ಹಳೇ ಚಾರ್ಜ್ ಇನ್ನೂ ಉಳಿದಿರುತ್ತೆ. ಹಳೇದೂ ಹೊಸದೂ ಎದುರುಬದುರಾಗಿ, ಚಿಪ್ ಒಳಗೆ ತೆರೀಬಾರದ ದಾರಿ ತೆರೆದುಬಿಡುತ್ತೆ. ಆಮೇಲೆ ಅದು ಮುಚ್ಚಲ್ಲ. ಕೆಲಸ ಬಿಟ್ಟು, ಬಂದ ಕರೆಂಟನ್ನೆಲ್ಲ ಕುಡ್ಕೊಂಡು ಬಿಸಿಯಾಗಿ ಬಿದ್ದಿರುತ್ತೆ. ಇದಕ್ಕೆ ಲ್ಯಾಚ್-ಅಪ್ ಅಂತಾರೆ."

"ಕುಡಿದು ಮೋರೀಲಿ ಬಿದ್ದವನ ಹಾಗೆ."

"ಹೂಂ, ಹಾಗೇ. ಎಬ್ಬಿಸ್ತೀನಿ ಅಂತ ಸ್ವಿಚ್ ಪಟಪಟ ಹಾಕಿ ತೆಗೆದ್ರೆ ಬಾಯಿಗೆ ಇನ್ನೊಂದು ಲೋಟ ಸುರಿದ ಹಾಗೆ. ಪ್ಲಗ್ ಕಿತ್ತು ಸುಮ್ಮನೆ ಬಿಡಬೇಕು. ಚಾರ್ಜ್ ಬರಿದಾಗಬೇಕು, ಚಿಪ್ ತಣ್ಣಗಾಗಬೇಕು. ತಾನೇ ಎದ್ದು ಕೂರುತ್ತೆ. ವಾಪಸ್ ಬಂದ ತಕ್ಕಡಿಗಳು ದಾರೀಲೇ ತಣ್ಣಗಾಗಿ ಬರ್ತಿದ್ವು, ಅದಕ್ಕೇ ನನ್ನ ಮೇಜಿನ ಮೇಲೆ ಸಾಯ್ತಿರಲಿಲ್ಲ."

ಉಗ್ರಾಣಿ ಬಲಗೈಯನ್ನು ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ಈ ಕೈ?"

"ಅದನ್ನ ಮನೇಲೇ ಬಿಟ್ಟು ಬಂದಿದ್ರೂ ಆಗ್ತಿತ್ತು ಅಂಕಲ್. ಕರೆಂಟನ್ನ ಒಂದೇ ದಿಕ್ಕಿಗೆ ಬಿಡೋ ಒಂದು ಡಯೋಡ್ ಹಾಕಿದ್ರೆ ಆ ದಾರಿ ತೆರೆಯೋದೇ ಇಲ್ಲ. ಡಯೋಡ್ ಕೊಡಿ."

"ಚೀಟಿ ಎಲ್ಲಿ?" ಎಂದ ಉಗ್ರಾಣಿ. ಎಂಥ ದುಃಖದಲ್ಲೂ ಕರ್ತವ್ಯ ಕರ್ತವ್ಯವೇ.

ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ಹೇಳಿದ, ತಿಂಗಳ ಕೊನೆಯ ವಿಷಯವನ್ನೂ ಸೇರಿಸಿ. ಅವಳು ಕೆಲಸದ ವಿಷಯಕ್ಕೆ ಆಶ್ಚರ್ಯಪಡಲಿಲ್ಲ. ಡಯೋಡಿನ ವಿಷಯಕ್ಕೆ ಮಾತ್ರ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನೀವು ಏನೂ ಮಾಡದೆ ಕೂತದ್ದರಿಂದ ಒಳ್ಳೇದಾಯ್ತು ಅಂತ ಓದಿದ ಹುಡುಗಿ ಹೇಳಿದ್ಳಾ? ನನ್ನ ಎದುರಿಗೆ ಹೇಳಿದ್ರೆ ನಾನು ನಂಬ್ತಿರಲಿಲ್ಲ." ಆಮೇಲೆ ದನಿ ತಗ್ಗಿಸಿದಳು. "ಈಗ ಬಾಯಿ ಬಿಡಬೇಡಿ. ಸರ್ವಿಸ್ ವಿಭಾಗದ ಕಾಗದ ಕೈಗೆ ಬರೋವರೆಗೂ ಕೈಗೆ ಗುಣ ಇದೆ. ಗೊತ್ತಾಯ್ತಾ?"

ಗೊತ್ತಾಯಿತು ಎಂದ ಉಗ್ರಾಣಿ. ಗೊತ್ತಾಗಿಯೂ ಇತ್ತು.

*

ಡಯೋಡ್ ಹಾಕಿದ ತಕ್ಕಡಿಗಳನ್ನೆಲ್ಲ ಬೇಕರಿಯಲ್ಲಿ ಸಾಲಾಗಿ ಇಟ್ಟ ದಿನ ಯಜಮಾನರು, ಇಂಜಿನಿಯರ್ ಹುಡುಗಿ, ಉಗ್ರಾಣಿ ಮೂವರೂ ಹೋದರು. ಒಲೆಯವನು ನಾದುವ ಯಂತ್ರ ಒತ್ತಿದ. ದೀಪ ಮಂಕಾಯಿತು, ಉರಿಯಿತು. ತಕ್ಕಡಿಗಳು ಒಮ್ಮೆ ಕಣ್ಣು ಮಿಟುಕಿಸಿ ಎಲ್ಲವೂ ಸೊನ್ನೆಗೆ ಬಂದವು. ಒಡತಿ ತಾನೇ ಹೋಗಿ ಮೇನ್ ಸ್ವಿಚ್ಚನ್ನು ಮನಸ್ಸಿಗೆ ತೃಪ್ತಿಯಾಗುವಷ್ಟು ಹಾಕಿ ತೆಗೆದಳು. ಒಂದೂ ಸಾಯಲಿಲ್ಲ.

ಇಂಜಿನಿಯರ್ ಹುಡುಗಿ ಬಾಯಿ ತೆರೆಯುವ ಮುಂಚೆಯೇ ಒಡತಿ ಉಗ್ರಾಣಿಯ ಕಡೆ ತಿರುಗಿದಳು. "ಈ ಸಲ ಮುಟ್ಟಲೂ ಇಲ್ಲ! ಹೊಸ್ತಿಲು ದಾಟಿದ್ರೆ ಸಾಕು ಅನ್ನೋ ಮಟ್ಟಕ್ಕೆ ಬಂತಲ್ಲ ನಿಮ್ಮ ವಿದ್ಯೆ!"

ಉಗ್ರಾಣಿ ಹೆಂಡತಿಯ ಮಾತು ನೆನೆದು ತುಟಿ ಬಿಗಿದುಕೊಂಡ. ಯಜಮಾನರೂ ಗಿರಾಕಿಯ ಸಂತೋಷಕ್ಕೆ ಅಡ್ಡ ಬರುವವರಲ್ಲ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಒಡತಿ ಒಳಗೆ ಹೋಗಿ ತನ್ನ ಮುದಿ ತಾಯಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದಳು.

"ಅಮ್ಮನ ಮೊಣಕಾಲು. ವರ್ಷದಿಂದ ನೋವು. ಆಸ್ಪತ್ರೆಯವರು ಕೈ ಚೆಲ್ಲಿದಾರೆ. ಒಂದು ಸಲ ನಿಮ್ಮ ಕೈ ಇಟ್ಟುಬಿಡಿ."

ಉಗ್ರಾಣಿ ಗೋಡೆಗೆ ಅಂಟಿಕೊಂಡ. ತಕ್ಕಡಿಯ ಮಾತು ಬೇರೆ. ತಕ್ಕಡಿ ಸತ್ತರೆ ವಾಪಸ್ ಕಳಿಸಬಹುದು.

"ತಾಯಿ, ಬೇಡ! ನನ್ನ ಕೈಯಲ್ಲಿ ಏನೂ ಇಲ್ಲ! ಎಲ್ಲಾ ಮಾಡಿದ್ದು ಈ ಹುಡುಗಿ. ಅದರೊಳಗೆ ಡಯೋಡ್ ಹಾಕಿದಾಳೆ. ಅವತ್ತು ನಾನು ಪ್ಲಗ್ ಇಟ್ಕೊಂಡು ಹೆದ್ರಿಕೊಂಡು ಕೂತಿದ್ದೆ ಅಷ್ಟೇ, ಆ ಹೊತ್ತಿಗೆ ಅದು ತಣ್ಣಗಾಯ್ತು. ನಾನು ಇಂಜಿನಿಯರೂ ಅಲ್ಲ. ಉಗ್ರಾಣಿ! ಡಬ್ಬಿ ಕಾಯೋನು!"

ಒಡತಿ ಕಣ್ಣೊರೆಸಿಕೊಂಡಳು.

"ಕೇಳಿದ್ಯೇನಮ್ಮಾ? ಇಷ್ಟು ದೊಡ್ಡವರು, ಎಲ್ಲಾ ಶ್ರೇಯಸ್ಸು ಆ ಮಗೂಗೆ ಕೊಟ್ಬಿಟ್ರು."

"ತುಂಬಿದ ಕೊಡ" ಎಂದ ಒಲೆಯವನು.

"ಅಲ್ಲಮ್ಮಾ, ನಿಜವಾಗಲೂ..."

"ಗೊತ್ತು, ಗೊತ್ತು. ನೀವು ಹಾಗೇ ಹೇಳಬೇಕು."

ಮುದುಕಿಯನ್ನು ಮೂಟೆಯ ಮೇಲೆ ಕೂರಿಸಲಾಯಿತು. ಉಗ್ರಾಣಿ ಕೈಗಳೆರಡನ್ನೂ ಕಂಕುಳಲ್ಲಿ ಅಡಗಿಸಿಕೊಂಡು, ಮಾತು ಬದಲಿಸಲು, "ಅಜ್ಜಿ, ನೋವು ಶುರುವಾದದ್ದು ಯಾವಾಗ?" ಎಂದ. ಅಷ್ಟೇ ಸಾಕಾಯಿತು. ಅಜ್ಜಿ ತನ್ನ ಬಾಲ್ಯದಿಂದ ಹಿಡಿದಳು. ಮೊಣಕಾಲಿಗೆ ಬರುವಷ್ಟರಲ್ಲಿ ಒಂದು ಒಲೆಯ ಬ್ರೆಡ್ಡು ಬೆಂದು ಇನ್ನೊಂದು ಒಲೆಯದು ಒಳಗೆ ಹೋಗಿತ್ತು. ಕೊನೆಗೆ ಎದ್ದು ನಿಂತಳು. ಕಾಲನ್ನು ಮುಂದೆ ಚಾಚಿದಳು, ಹಿಂದೆ ಎಳೆದಳು.

"ಇದೇನೇ ಇದು? ಹಗುರ ಆಗಿದೆ!"

ಬೇಕರಿಯಲ್ಲಿ ಗದ್ದಲವೋ ಗದ್ದಲ. ಇಂಜಿನಿಯರ್ ಹುಡುಗಿ ಹಣೆ ಹಿಡಿದುಕೊಂಡು, "ಬೆಳಿಗ್ಗೆಯಿಂದ ನಿಂತೇ ಇದ್ದರಂತೆ. ಅವರದ್ದೂ ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಕೂರಿಸಿದ ಹಾಗಾಯ್ತು" ಎಂದಳು. ಅವಳ ಮಾತು ಯಾರಿಗೆ ಬೇಕಿತ್ತು?

*

ಉಗ್ರಾಣಿಯ ಮಾತನ್ನು ನಂಬಿದವರು ಒಬ್ಬರೇ, ಯಜಮಾನರು. ಸಂಬಳ ಕೊಡುವವರು ಇಂಥದ್ದನ್ನು ಬೇಗ ನಂಬುತ್ತಾರೆ. ಕಾರಿನಲ್ಲಿ ಕೇಳಿದರು.

"ಹಾಗಾದ್ರೆ ನೀವು ಏನೂ ಮಾಡಿಲ್ಲ."

"ಇಲ್ಲ ಸಾರ್."

"ಮಾಡೋಕೆ ಬರೋದೂ ಇಲ್ಲ."

"ಇಲ್ಲ ಸಾರ್."

"ನಿಜ ಹೇಳಿದ್ದಕ್ಕೆ ಸಂತೋಷ. ತಿಂಗಳ ಕೊನೆಗೆ ಬಂದು ಲೆಕ್ಕ ತೀರಿಸ್ಕೊಂಡು ಹೋಗಿ."

ಉಗ್ರಾಣಿ ಸೊಂಟದ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡ. ಹಿಂದಿನ ಸೀಟಿನಲ್ಲಿ ಅವನ ಪಕ್ಕ ಕೂತಿದ್ದ ಇಂಜಿನಿಯರ್ ಹುಡುಗಿ ಮುಂದಕ್ಕೆ ಬಾಗಿದಳು.

"ಸರ್, ಈಗಾಗಲೇ ಮಾರಿರೋ ತಕ್ಕಡಿಗಳಿಗೆ ಏನು ಮಾಡೋಣ?"

"ಏನು ಮಾಡೋದು? ಒಂದೊಂದಾಗಿ ತರಿಸಿ ಡಯೋಡ್ ಹಾಕು."

"ಅದಕ್ಕೆ ವರ್ಷ ಬೇಕು. ಅಲ್ಲೀವರೆಗೂ ದಿನಾ ಫೋನ್. ನಾನೂ ಹೇಳಿ ನೋಡಿದೆ ಸರ್, ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಡಿ ಅಂತ. ಯಾರೂ ಬಿಡಲ್ಲ. 'ಹೂಂ' ಅಂದು, ಕಿತ್ತ ಕೈಯಲ್ಲೇ ಚುಚ್ಚಿ, 'ಆಗ್ಲಿಲ್ಲ' ಅಂತ ನನ್ನನ್ನ ಬೈತಾರೆ. ಗಿರಾಕೀನ ಸುಮ್ಮನೆ ಕಾಯಿಸೋದು ನನ್ನಿಂದ ಆಗಲ್ಲ. ನಾನು ಹೇಳೋದು ಎರಡೇ ಮಾತಿಗೆ ಮುಗಿದುಹೋಗುತ್ತೆ." ಉಗ್ರಾಣಿಯ ಕಡೆ ಬೆರಳು ತೋರಿಸಿದಳು. "ಅವತ್ತು ಬೇಕರಿಯಮ್ಮ ಪ್ಲಗ್ ಇಲ್ಲದೆ ಎಷ್ಟು ಹೊತ್ತು ಕೂತಿದ್ರು, ನೋಡಿದ್ರಲ್ಲ?"

ಯಜಮಾನರು ಕಾರನ್ನು ನಿಧಾನ ಮಾಡಿದರು. ಕನ್ನಡಿಯಲ್ಲಿ ಉಗ್ರಾಣಿಯ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಹಿಂದಿನ ಗಾಡಿಯವನು ಹಾರ್ನ್ ಬಾರಿಸಿದ ಮೇಲೆಯೇ ಗೇರ್ ಬದಲಿಸಿದ್ದು.

ಈಗ ಉಗ್ರಾಣದ ಬೀಗದ ಕೈ ಕಂಪ್ಯೂಟರಿನ ಪಕ್ಕದ ಮೊಳೆಗೆ ತೂಗುತ್ತಿದೆ. ಉಗ್ರಾಣಿಗೆ ಮೆಟ್ಟಿಲ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಒಂದು ಫೋನು. 'ಸರ್ವಿಸ್ ವಿಭಾಗ'ದಲ್ಲಿ ಕಾಯಂ ಎಂಬ ಕಾಗದ ಓದಿದ ಹೆಂಡತಿ, "ಮಾತಾಡೋಕೆ ಸಂಬಳ! ಇಷ್ಟು ವರ್ಷ ನನ್ನ ಹತ್ರ ಪುಕ್ಕಟೆ ಆಡಿದ್ರಲ್ಲ" ಎಂದು ಹೊಟ್ಟೆ ಉರಿಸಿಕೊಂಡಳು. ಕೆಲಸದಲ್ಲಿ ಗೋಜಲೇನೂ ಇಲ್ಲ. ತಕ್ಕಡಿ ಸತ್ತಿತೆಂದು ಫೋನ್ ಬಂದರೆ, "ಪ್ಲಗ್ ಕಿತ್ತು ಕೈಯಲ್ಲೇ ಇಟ್ಕೊಳ್ಳಿ, ಬಿಡಬೇಡಿ. ಅಂದಹಾಗೆ, ಮನೇಲೆಲ್ಲಾ ಹೇಗಿದಾರೆ?" ಎನ್ನಬೇಕು. ಚಿಪ್ ತಣ್ಣಗಾಗುವವರೆಗೆ ಕೇಳಬೇಕು. ಆಮೇಲೆ "ಈಗ ಹಾಕಿ" ಎನ್ನಬೇಕು. ಒಂದು ತಕ್ಕಡಿಯೂ ಈವರೆಗೆ ಎರಡನೆಯ ಸಲ ಹೇಳಿಸಿಕೊಂಡಿಲ್ಲ.

ಮೊನ್ನೆ ಮಧ್ಯಾಹ್ನ ಊರಾಚೆಯ ಮೊಳೆ-ಚಿಲಕದ ಅಂಗಡಿಯವಳು ಫೋನ್ ಮಾಡಿದಳು.

"ಅಣ್ಣಾ, ನಾನು."

"ಹೇಳಮ್ಮಾ. ಮತ್ತೆ ಹೋಯ್ತಾ ತಕ್ಕಡಿ?"

"ಇಲ್ಲಣ್ಣಾ, ಚೆನ್ನಾಗೇ ಇದೆ. ಅವತ್ತು ನಮ್ಮತ್ತೆ ವಿಷಯ ಹೇಳ್ತಾ ಹೇಳ್ತಾ ಅರ್ಧಕ್ಕೇ ನಿಂತೋಯ್ತಲ್ಲ, ಅದಕ್ಕೇ ಮಾಡ್ದೆ."

ಉಗ್ರಾಣಿ ಸುತ್ತ ನೋಡಿದ. ಇಂಜಿನಿಯರ್ ಹುಡುಗಿ ಬೆಸುಗೆ ಹಾಕುವುದರಲ್ಲಿ ಮುಳುಗಿದ್ದಳು. ಯಜಮಾನರ ಬಾಗಿಲು ಅರ್ಧ ತೆರೆದಿತ್ತು. ಆತ ಗಂಟಲು ಸರಿಮಾಡಿಕೊಂಡು, ಒಳಗಿನವರಿಗೂ ಕೇಳಿಸುವಂತೆ ಗಟ್ಟಿಯಾಗಿ, ಅತ್ಯಂತ ಗಂಭೀರವಾಗಿ ಹೇಳಿದ:

"ಯಾವುದಕ್ಕೂ ಮೊದಲು ಪ್ಲಗ್ ಕೀಳಮ್ಮಾ. ಆಮೇಲೆ ಹೇಳು, ಏನಂದ್ರು ನಿಮ್ಮತ್ತೆ?"